ಅವ್ವ ಮುಚ್ಚಿಡದ ಗುಳಿಗೆ

“ಬ್ಯಾರೆ ಗುಳಿಗಿ ಏನರ ತಗೋತಾರೇನ್ರಿ?” ಜ್ವರ ಬಂದ ಅಣ್ಣನನ್ನು ಪರೀಕ್ಷಿಸುತ್ತ ಡಾಕ್ಟರು ಕೇಳಿದರು. “ಏನಿಲ್ರಿ” ಎಂದೆ. ತಂಗಿಯ ಮದುವೆ ಗೊತ್ತಾಗಿದ್ದ ಊರಿನವರು ಪಕ್ಕದಲ್ಲೇ ಕುಳಿತಿದ್ದರು; ಅಣ್ಣನ ಗುಳಿಗೆಯ ವಿಷಯ ಅವರ ಕಿವಿಗೆ ಬಿದ್ದರೆ ಮದುವೆ ನಿಂತೀತೆಂದು ಅಂಜಿದ್ದೆ.

“ಸುಳ್ಳ ಯಾಕ ಹೇಳ್ತಿಲೇ? ಮನಸ್ಸಿನ ಬ್ಯಾನಿಗೆ ದಿನಾ ತಗೋತಾನ್ರಿ” ಎಂದ ಅವ್ವ, ಸೆರಗಿನ ಗಂಟು ಬಿಚ್ಚಿ ಗುಳಿಗೆ ತೋರಿಸಿದಳು.

ಡಾಕ್ಟರು ಬರೆಯುತ್ತಿದ್ದ ಚೀಟಿ ಹರಿದು ಇಸಿಜಿ ಮಾಡಿಸಿದರು. ಎದೆಬಡಿತ ಆಗಲೇ ಏರುಪೇರಾಗಿತ್ತು. “ಈ ಗುಳಿಗಿ ಜೋಡಿ ನಾ ಬರೀತಿದ್ದ ಔಷಧ ಕೂಡಿದ್ರ ಎದಿ ನಿಂತೂ ಹೋಗಬಹುದಿತ್ತು. ಚಲೋ ಹೇಳಿದ್ರಿ ಅವ್ವಾರ” ಎಂದು ಬೇರೆ ಔಷಧ ಕೊಟ್ಟರು.

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲಿಗ ನಾನು. ಕೂಲಿ ಮಾಡಿ ಓದಿಸಿದವಳು ಅವ್ವ. ಅಂದು ಅಣ್ಣನನ್ನು ಉಳಿಸಿದವಳೂ ಅವಳೇ. ತಂಗಿಯ ಮದುವೆಯೂ ನಿಲ್ಲಲಿಲ್ಲ. ಈಗ ಯಾವ ಡಾಕ್ಟರ ಮುಂದೆ ಕೂತರೂ ಅಣ್ಣನ ಗುಳಿಗೆಯ ಹೆಸರನ್ನು ಅವರು ಕೇಳುವ ಮೊದಲೇ ಹೇಳುತ್ತೇನೆ.