ಶೋಭಾ ಅಳಿಸದ ಲಾಟುಗಳು

"ಯಾವ ವ್ಯಾಪಾರಸ್ಥಗ ಅನುಕೂಲ ಮಾಡಾಕತ್ತಿ? ಖರೇ ಹೇಳು, ಇಲ್ಲಾ ನಾಳಿಂದ ಬರಬ್ಯಾಡ!"

ಮಾಲೀಕರ ಮಾತಿಗೆ ಶೋಭಾಳ ಕೈ ಕೀಬೋರ್ಡಿನ ಮೇಲೆಯೇ ನಿಂತಿತು. ಬ್ಯಾಡಗಿಯ ನಮ್ಮ ಮೆಣಸಿನಕಾಯಿ ದಲಾಲಿ ಅಂಗಡಿಗೆ ಹೊಸ ಕಂಪ್ಯೂಟರ್ ವ್ಯವಸ್ಥೆ ಬಂದಾಗಿನಿಂದ ಅವಳು ದಾಖಲಿಸಿದ ಕೆಲವು ಲಾಟುಗಳು, ಅಂದರೆ ಮಾರಾಟಕ್ಕೆ ಬಂದ ಕಾಯಿರಾಶಿಗಳ ನಮೂದುಗಳು, ಕಾಣೆಯಾಗುತ್ತಿದ್ದವು. ಯಾವನೋ ವ್ಯಾಪಾರಸ್ಥನಿಗಾಗಿ ಅವಳೇ ಅಳಿಸುತ್ತಿದ್ದಾಳೆ ಎಂದು ಮಾಲೀಕರ ಅನುಮಾನ. ಪಕ್ಕದ ಮೇಜಿನಲ್ಲಿ ಲೆಕ್ಕ ಬರೆಯುವ ನಾನೂ ಅವಳ ಬೆರಳುಗಳನ್ನೇ ಗಮನಿಸುತ್ತಿದ್ದೆ.

ದೋಷ ಹುಡುಕಲು ರಾಣೆಬೆನ್ನೂರಿನಿಂದ ಬಂದಿದ್ದ ಕಂಪ್ಯೂಟರ್ ಎಂಜಿನಿಯರ್ ಬಹಳ ಹೊತ್ತು ಅವಳ ಕೆಲಸವನ್ನೇ ನೋಡುತ್ತ ಕುಳಿತರು. ವ್ಯಾಪಾರಸ್ಥರು ಕಾಯಿ ಮುರಿದು, ಮೂಸಿ, ಅಂಗೈಗೆ ಉಜ್ಜಿ ಬಣ್ಣ ನೋಡಿ ದರ ಹೇಳುವವರೆಗೂ ಶೋಭಾ ಅರ್ಧ ತುಂಬಿದ ಪರದೆಯ ಮುಂದೆ ಕಾಯುತ್ತಿದ್ದಳು. ಆಮೇಲೆ ಎಂಜಿನಿಯರ್ ಸರ್ವರ್‌ನ ಸೆಟ್ಟಿಂಗ್ ತೆರೆದರು.

"ಎರಡು ನಿಮಿಷ ಏನೂ ಒತ್ತಲಿಲ್ಲಂದ್ರ ಸರ್ವರ್ ಆ ಲಾಟನ್ನ ಕೈಬಿಡತೈತ್ರಿ. ಆಮ್ಯಾಲೆ ದರ ತುಂಬಿದ್ರೂ ಉಳಿಯಂಗಿಲ್ಲ. ಈ ಅಕ್ಕಾರ ತಪ್ಪಿಲ್ರಿ," ಎಂದು ಆ ಅವಧಿಯನ್ನು ಹೆಚ್ಚಿಸಿದರು.

"ಅದಿರ್ಲಿ, ನೀವು ಚಾ ಕುಡೀರಿ," ಎಂದರು ಮಾಲೀಕರು. ಶೋಭಾಳ ಕಡೆ ನೋಡಲಿಲ್ಲ.

ಅವಳ ಕೆಲಸ ಉಳಿಯಿತು. ಆ ಎಂಜಿನಿಯರ್ ವ್ಯಾಪಾರವಿಲ್ಲದ ದಿನ ಬಂದಿದ್ದರೆ ಆ ಕಾಯುವಿಕೆ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ; ಅವಳು ಮೋಸಗಾತಿ ಎನಿಸಿಕೊಂಡೇ ಮನೆಗೆ ಹೋಗುತ್ತಿದ್ದಳು, ನಾನೂ ಅದನ್ನೇ ನಂಬಿರುತ್ತಿದ್ದೆ.