ಮಾವಿನ ಹೂ ಮುರಿದ ವರ್ಷಗಳು

ನಮ್ಮತ್ತೆಯ ಹಟ ನೋಡಿ ನನಗೆ ಮೊದಮೊದಲು ಮೈ ಉರಿಯುತ್ತಿತ್ತು. ನಾನು ಚನ್ನಪಟ್ಟಣದ ಪೇಟೆಯವಳು, ಇವತ್ತು ಮಾಡಿದ್ದಕ್ಕೆ ಇವತ್ತೇ ಫಲ ಕಾಣುವ ಮನೆಯಲ್ಲಿ ಬೆಳೆದವಳು. ಮದುವೆಯಾಗಿ ಗುಡೇಮಾರನಹಳ್ಳಿ ಪಕ್ಕದ ಈ ಊರಿಗೆ ಬಂದ ವರ್ಷವೇ ಅತ್ತೆ ಹೊಲದಲ್ಲಿ ಬಾದಾಮಿ ಮಾವಿನ ಕಸಿಗಿಡ ನೆಡಿಸಿದರು. ಪೂರ್ತಿ ಹೊಲಕ್ಕಲ್ಲ, ಅರ್ಧಕ್ಕೆ. ಆ ಅರ್ಧದಲ್ಲೂ ಗಿಡಗಳ ನಡುವೆ ರಾಗಿ, ರಾಗಿಯ ನಡುವೆ ಅವರೆಯ ಅಕ್ಕಡಿ ಸಾಲು. ಹಿಪ್ಪುನೇರಳೆ ಹಾಕೋಣ, ರೇಷ್ಮೆಯಾದರೆ ಬೇಗ ಕೈಗೆ ಬರುತ್ತೆ ಅಂದೆ.

“ಹುಳಕ್ಕೆ ರೋಗ ಬಂದ್ರೆ ಅದುನ್ನೇ ಬೇಯಿಸ್ಕಂಡು ತಿಂದೀಯಾ?” ಅಂದರು. “ರಾಗಿ ಹೋದ್ರೆ ಅವರೆ ಐತೆ. ಹೊಟ್ಟೆ ಒಸಿ ತುಂಬ್ತಾ ಇದ್ರೆ ಮಾವು ಕಾಯ್ಬೋದು ಕಣ್ ಮಗ.”

ಗಿಡ ಸೊಂಟದೆತ್ತರ ಬರುವಷ್ಟರಲ್ಲಿ ಹೂ ಬಿಟ್ಟವು. ನಾನು ಹಿಗ್ಗಿದೆ. ಅತ್ತೆ ಸೆರಗು ಸಿಕ್ಕಿಸಿಕೊಂಡು ಸಾಲು ಹಿಡಿದು ಗೊಂಚಲುಗಳನ್ನೆಲ್ಲ ಮುರಿಯುತ್ತಾ ಹೋದರು. ಎಳೆ ಗಿಡ ಕಾಯಿ ಹೊತ್ತರೆ ಬೆಳೆಯೋದು ಬಿಟ್ಟು ಅಲ್ಲೇ ಕೂತುಬಿಡುತ್ತದಂತೆ. ಮರುವರ್ಷವೂ ಮುರಿದರು.

ಅದರಾಚೆ ವರ್ಷಕ್ಕೆ ಅವರ ಹೃದಯವೇ ಸೋತಿತ್ತು. ರಾಮನಗರದ ಡಾಕ್ಟರು ನಮ್ಮನ್ನು ಹೊರಗೆ ಕರೆದು ಹೇಳಿದ್ದನ್ನು ಅತ್ತೆ ನಮ್ಮ ಮುಖ ನೋಡಿಯೇ ತಿಳಿದುಕೊಂಡಿದ್ದರು. ಆದರೂ ಹೂ ಬಂತು ಅಂದದ್ದೇ, ನಿಂತು ನಿಂತು ಉಸಿರೆಳೆದುಕೊಳ್ಳುತ್ತಾ ಹೊಲಕ್ಕೆ ಬಂದರು. ಬದುವಿನ ಪಕ್ಕದ ಗಿಡದಲ್ಲಿ ಆಗಲೇ ಮೆಣಸಿನ ಕಾಳಿನಷ್ಟು ಕಾಯಿ ಕಚ್ಚಿತ್ತು. ಕಂಕುಳಲ್ಲಿ ಮಗುವನ್ನಿಟ್ಟುಕೊಂಡೇ ನಾನು ಅಡ್ಡ ನಿಂತೆ.

“ಅತ್ತೆ, ಇದೊಂದು ಗೊಂಚಲು ಬಿಡಿ. ನೀವು ನೆಡಿಸಿದ ಗಿಡದ್ದು ಒಂದು ಹಣ್ಣಾದರೂ ನೀವು ತಿನ್ನಬೇಡವಾ?” ಅನ್ನುವಷ್ಟರಲ್ಲಿ ಅಳು ಬಂದುಬಿಟ್ಟಿತು.

ಅವರು ನನ್ನನ್ನು ಪಕ್ಕಕ್ಕೆ ಸರಿಸಿದರು. “ನಂಗಂತ ಒಂದು ಬುಟ್ರೆ, ನಿಂಗಂತ ಒಂದು, ಮಗೀಗಂತ ಒಂದು ಬುಡ್ಬೇಕಾಯ್ತದೆ. ಆಮ್ಯಾಕೆ ಗಿಡಕ್ಕೆ ಯಾರವ್ವ ದಿಕ್ಕು? ಈ ವರ್ಸ, ಇನ್ನೊಂದು ವರ್ಸ ತಡ್ಕಂಡ್ರೆ ಆಯ್ತು.” ಲಟಕ್ಕನೆ ಮುರಿದರು. ಅದರಿಂದಲೇ ಒಂದು ಮಿಡಿ ಕಿತ್ತು ಬಾಯಿಗೆ ಹಾಕಿಕೊಂಡು, ಮುಖ ಕಿವುಚಿ ನಕ್ಕರು. “ಒಗರು ಕಣ್ ಮಗ.”

ನಾನು ಬೆಕ್ಕಸಬೆರಗಾಗಿ ನಿಂತೆ. ದೇವರ ಮುಂದೆ ನಿಂತಾಗಲೂ ನನ್ನ ಮೈ ಹಾಗೆ ಜುಮ್ಮೆಂದದ್ದಿಲ್ಲ. ನಾಳೆಯ ಭರವಸೆಯಿಲ್ಲದ ಹೆಂಗಸು ಗಿಡದ ಪರವಾಗಿ ವರ್ಷಗಳನ್ನು ಎಣಿಸುತ್ತಿದ್ದರು.

ಮುಂದಿನ ಹೂವಿನ ಹೊತ್ತಿಗೆ ಅವರಿರಲಿಲ್ಲ. ಇನ್ನೊಂದು ವರ್ಷ ಅಂದಿದ್ದರಲ್ಲ, ನಾನೇ ಹೋಗಿ ಮುರಿದೆ. ಅವರ ಎಡೆಗೆ ಇಡಲಿಕ್ಕೆಂದು ಕೂಡ ಒಂದು ಗೊಂಚಲು ಉಳಿಸಲಿಲ್ಲ.