ಹೋಬರ್ಟ್ ಭಾವನ ಕೆಂಪು ಬಣ್ಣ

ನಮ್ಮ ಭಾವ ಹೋಬರ್ಟ್ ಲನ್ಸ್‌ಫೋರ್ಡ್‌ಗೆ ಹಸಿರು ಬಣ್ಣ ಕಂಡರೆ ಆಗುತ್ತಿರಲಿಲ್ಲ. ಅವನ ಕಸುಬೇ ಬಣ್ಣ ಬಳಿಯುವುದು. ಉತ್ತರ ಕ್ಯಾರೊಲೈನಾದ ನಮ್ಮ ಊರಿನಲ್ಲಿ ಚರ್ಚಿನ ಬೋರ್ಡು, ಗಿರಣಿಯ ಗೋಡೆ, ಕ್ಷೌರದಂಗಡಿಯ ಕಿಟಕಿಯ ಅಕ್ಷರ ಎಲ್ಲ ಅವನ ಕೈಯವೇ. ಸುತ್ತಮುತ್ತಲಿನ ರೇಸ್ ಕಾರುಗಳ ಬಾಗಿಲಿಗೆ ನಂಬರು ಬರೆಯುತ್ತಿದ್ದವನೂ ಅವನೇ. ಆದರೆ ರೇಸ್ ಕಾರಿಗೆ ಹಸಿರು ಹಚ್ಚು ಅಂದರೆ ಕುಂಚ ಒರೆಸಿಟ್ಟು ಮನೆಗೆ ಹೊರಟುಬಿಡುತ್ತಿದ್ದ. ಹಸಿರು ಕಾರು ಮತ್ತು ಸಿಪ್ಪೆ ಸಮೇತದ ಕಡಲೆಕಾಯಿ, ಇವೆರಡು ಟ್ರ್ಯಾಕಿನ ಹತ್ತಿರ ಸುಳಿದರೆ ಸಾವು ಖಂಡಿತ ಅಂತ ನಮ್ಮ ಕಡೆಯ ರೇಸಿನವರೆಲ್ಲ ನಂಬುತ್ತಾರೆ. ಭಾವನದು ಇನ್ನೂ ಒಂದು ಕೈ ಹೆಚ್ಚು. ಗುರುತಿಲ್ಲದವರು ಗ್ಯಾರೇಜಿಗೆ ಕಾಲಿಟ್ಟರೆ "ಜೇಬಲ್ಲೇನಿದೆ, ತೆಗೀರಿ ನೋಡೋಣ" ಅನ್ನುತ್ತಿದ್ದ.

ನಾನು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದೆ. ನನ್ನ ಹೆದರಿಕೆ ಬೇರೆಯದಿತ್ತು. ನನ್ನ ಗಂಡ ಡಾಯ್ಲ್, ಭಾವನ ಒಬ್ಬನೇ ತಮ್ಮ, ಭಾನುವಾರ ಬಂತೆಂದರೆ ರೇಸಿಗೆ ಇಳಿಯುತ್ತಿದ್ದ. ತಾಯಿ ಹೋದಮೇಲೆ ಅವನನ್ನು ಎತ್ತಿ ಆಡಿಸಿ ಬೆಳೆಸಿದವನು ಭಾವನೇ. ಅಣ್ಣತಮ್ಮ ಸೇರಿ ಹಳೇ ಕಾರೊಂದನ್ನು ಬಿಚ್ಚಿ ಜೋಡಿಸಿ ಓಡಿಸುತ್ತಿದ್ದರು. ಡಾಯ್ಲ್ ಹೆಲ್ಮೆಟ್ ತೆಗೆದು ಬೆವರು ಒರೆಸಿಕೊಳ್ಳುವ ತನಕ ಬುತ್ತಿಗೆ ಕಟ್ಟಿಕೊಂಡು ಹೋದ ಕೋಳಿ ನನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಸಾವಿರದ ಒಂಬೈನೂರ ಅರವತ್ನಾಲ್ಕರಲ್ಲಿ ಡೆಟ್ರಾಯ್ಟಿನ ಒಂದು ಕಾರು ಕಂಪನಿಯವರು ಡಾಯ್ಲ್‌ನನ್ನು ಕರೆದರು. ಆಗ ಕಂಪನಿಗಳೆಲ್ಲ ನಮ್ಮ ಟ್ರ್ಯಾಕುಗಳ ಮೇಲೆ ಬಿದ್ದು ಹೊಡೆದಾಡುತ್ತಿದ್ದ ಕಾಲ. ಭಾನುವಾರ ಗೆದ್ದ ಕಾರನ್ನೇ ಜನ ಸೋಮವಾರ ಕೊಳ್ಳುತ್ತಾರೆ ಅನ್ನುವುದು ಅವರ ಲೆಕ್ಕ. ಎಂಜಿನ್ನು ಅವರದು, ಟೈರು ಅವರದು, ಮೆಕ್ಯಾನಿಕ್ಕುಗಳೂ ಅವರ ಕಡೆಯವರೇ. ಡಾಯ್ಲ್ ಬರೀ ಕೂತು ಓಡಿಸಿದರಾಯಿತು. ಅಷ್ಟು ವರ್ಷ ಕೈಕಾಲು ಸುಟ್ಟುಕೊಂಡು ದುಡಿದದ್ದಕ್ಕೆ ದೇವರು ಈಗ ಕಣ್ಣು ಬಿಟ್ಟ ಅಂತ ಅವನು ನನ್ನನ್ನು ಎತ್ತಿ ಅಡುಗೆಮನೆ ತುಂಬ ತಿರುಗಿಸಿದ.

ಲಾರಿಯಿಂದ ಕಾರು ಇಳಿಸಿದರು. ಹುಲ್ಲಿನಂಥ ಹಸಿರು.

ಭಾವ ಎರಡು ಹೆಜ್ಜೆ ಹಿಂದಕ್ಕೆ ಸರಿದ. "ಇದೇನ್ರೀ ಇದು?" ಅಂದ.

ಕಂಪನಿಯ ಪರವಾಗಿ ಬಂದಿದ್ದ ಕೆಸ್ಲರ್ ಅನ್ನುವ ಟೈ ಕಟ್ಟಿದ ಮನುಷ್ಯ ನಕ್ಕ. "ಈ ವರ್ಷದ ನಮ್ಮ ಹೊಸ ಬಣ್ಣ. ಷೋರೂಮಲ್ಲಿ ನಿಂತಿರೋದೂ ಟ್ರ್ಯಾಕಲ್ಲಿ ಓಡೋದೂ ಒಂದೇ ಥರ ಕಾಣಬೇಕು. ನೀವು ನಂಬರು ಬರೆದ್ರೆ ಸಾಕು."

"ಸಂಜೆಯೊಳಗೆ ಕೆಂಪು ಮಾಡ್ಕೊಡ್ತೀನಿ. ಬಿಟ್ಟಿ ಮಾಡ್ತೀನಿ."

"ರೇಸ್ ಶುರುವಾಗೋದೇ ಹಸಿರು ಬಾವುಟ ಬೀಸಿ. ಅದಕ್ಕೇನಂತೀರಾ?"

"ಬಾವುಟ ಕಾರಿಗೆ ಅಂಟ್ಕೊಂಡಿರಲ್ಲ ಸ್ವಾಮಿ."

ಕೆಸ್ಲರ್ ಮುಖದಿಂದ ನಗು ಹೋಯಿತು. "ಬಣ್ಣ ಬದಲಾದ್ರೆ ಡ್ರೈವರೂ ಬದಲಾಗ್ತಾನೆ" ಅಂದ. ಡಾಯ್ಲ್ ಅಣ್ಣನ ಭುಜ ಹಿಡಿದ. "ಬಿಡಣ್ಣ, ಬರೀ ಬಣ್ಣ ತಾನೇ" ಅಂದ. ಹಾಗಂದನೇ ಹೊರತು ಅವತ್ತಿನಿಂದ ನನ್ನ ಗಂಡ ಸರಿಯಾಗಿ ಉಣ್ಣಲಿಲ್ಲ, ನಿದ್ದೆ ಮಾಡಲಿಲ್ಲ. ಅವನ ಹೆದರಿಕೆ ನೋಡಿ ನನಗೂ ಹೆದರಿಕೆ ಹತ್ತಿತು. ಬಟ್ಟೆಯ ಪೆಟ್ಟಿಗೆಯಲ್ಲಿ ಹಸಿರು ಲಂಗ ಕೈಗೆ ಸಿಕ್ಕರೆ ಕೆಳಗೆ ತುರುಕುತ್ತಿದ್ದೆ.

ರೇಸಿನ ದಿನ ಬೆಳಿಗ್ಗೆ ಕಂಪನಿಯವರು ತಿಂಡಿಗೆ ಹೋದಾಗ ಭಾವ ಒಂದು ಸಣ್ಣ ಡಬ್ಬಿ ಕೆಂಪು ಹಿಡಿದುಕೊಂಡು ಕಾರಿನೊಳಗೆ ನುಗ್ಗಿದ. ಹೊರಗಿನ ಹಸಿರು ಕಂಪನಿಯದು, ಆದರೆ ಒಳಗೆ ಕೂತ ತಮ್ಮನ ಕಣ್ಣಿಗೆ, ಕೈಗೆ ಹಸಿರು ತಾಗಬಾರದು. ಮೀಟರಿನ ಹಲಗೆ, ಬಾಗಿಲ ಒಳಮೈ, ತಲೆಯ ಮೇಲಿನ ಕಂಬಿ ಎಲ್ಲಕ್ಕೂ ಕೆಂಪು ಬಳಿದ. ಸೀಟಿನ ಬೆಲ್ಟಿನ ಬಕಲ್ಲಿಗೂ ಆ ಪುಣ್ಯಾತ್ಮರು ಹಸಿರು ಹಾಕಿ ಕಳಿಸಿದ್ದರು. ಅದಕ್ಕೂ ಬಳಿದ, ಒಂದು ಚುಕ್ಕೆ ಹಸಿರು ಕಾಣದ ಹಾಗೆ ಎರಡು ಸಲ.

ಡಾಯ್ಲ್ ನೋಡಿ ಗಟ್ಟಿಯಾಗಿ ನಕ್ಕ. ಆ ವಾರದಲ್ಲಿ ಅವನು ನಕ್ಕದ್ದು ಅದೇ ಮೊದಲು. "ಈಗ ನೋಡು, ಹೊಟ್ಟೆ ತಣ್ಣಗಾಯ್ತು" ಅಂದು ಕೂತು ಬೆಲ್ಟು ಬಿಗಿದುಕೊಂಡ. ಬಣ್ಣ ಇನ್ನೂ ಹಸಿಯಾಗಿತ್ತು. ಬೆರಳಿಗೆ ಹತ್ತಿದ ಕೆಂಪನ್ನು ನನ್ನ ಕೆನ್ನೆಗೆ ಒರೆಸಿದ.

ಮಧ್ಯಾಹ್ನ ಬೆಂಕಿಯಂಥ ಬಿಸಿಲು. ರೇಸು ಅರ್ಧ ಕಳೆದಿತ್ತು. ಡಾಯ್ಲ್ ಎರಡನೆಯವನಾಗಿದ್ದ. ತಿರುವಿನಲ್ಲಿ ಟೈರು ಸಿಡಿದು ಕಾರು ಗೋಡೆಗೆ ಹೊಡೆಯಿತು, ತಿರುಗುತ್ತಾ ಕೆಳಗಿಳಿದು ನಿಂತಿತು. ಬದುಕಿದ ಅಂದುಕೊಂಡೆ. ಹಿಂದಿನಿಂದ ಬೆಂಕಿ ಎದ್ದಿತು. ನಾನು ಕಿರುಚಿದ್ದು ನನಗೇ ಕೇಳಿಸಲಿಲ್ಲ. ಭಾವ ಗೋಡೆ ಹಾರಿ ಎಲ್ಲರಿಗಿಂತ ಮೊದಲು ಓಡಿದ. ಝಳಕ್ಕೆ ಅವನ ಹುಬ್ಬು ಸುಟ್ಟುಹೋಯಿತು, ಹತ್ತಿರ ಹೋಗಲು ಆಗಲೇ ಇಲ್ಲ.

"ಲೊರೀನ್, ಅವನು ಪ್ರಾರ್ಥನೆ ಮಾಡ್ತಿದ್ದ," ಅಂತ ಆಮೇಲೆ ಭಾವ ನನ್ನ ಕಾಲ ಹತ್ತಿರ ಕೂತು ಹೇಳಿದ. "ನಾನು ಕಣ್ಣಾರೆ ನೋಡ್ದೆ. ಎರಡೂ ಕೈ ಹೊಟ್ಟೆ ಹತ್ರ ಸೇರಿಸ್ಕೊಂಡು ತಲೆ ಬಗ್ಸಿದ್ದ."

ಟ್ರ್ಯಾಕಿನವರು ಒಂದು ಕಾಗದದ ಚೀಲದಲ್ಲಿ ಡಾಯ್ಲ್‌ನ ಉಂಗುರ, ಗಡಿಯಾರ ಮತ್ತು ಕತ್ತರಿಸಿ ತೆಗೆದ ಬೆಲ್ಟಿನ ಬಕಲ್ ಕೊಟ್ಟರು. ಬಕಲ್ ಮುಚ್ಚಿಕೊಂಡೇ ಇತ್ತು. ಎಳೆದೆ, ಬರಲಿಲ್ಲ. ಚಾಕುವಿನ ತುದಿ ಹಾಕಿ ಕೆರೆದೆ. ಸಂದಿನ ತುಂಬ ಕರಿಕಾಗಿ ಗಟ್ಟಿಯಾದ ಬಣ್ಣ, ಅದರ ಒಳಗೆ ಕೆಂಪು. ಡಾಯ್ಲ್ ಪ್ರಾರ್ಥನೆ ಮಾಡುತ್ತಿರಲಿಲ್ಲ.

ಭಾವನ ಮೇಲೆ ಸಿಟ್ಟು ಬರಲಿಲ್ಲ ಅಂದರೆ ಸುಳ್ಳಾದೀತು. ಬಕಲ್ ಹಿಡಿದುಕೊಂಡೇ ಅವನ ಮನೆಗೆ ಹೊರಟೆ. ಬಾಗಿಲಲ್ಲಿ ಕೂತಿದ್ದ. ಹುಬ್ಬಿಲ್ಲದ ಆ ಮುಖ ನೋಡಿ ಕೈಯನ್ನು ಜೇಬಿಗೆ ಹಾಕಿಕೊಂಡೆ.

"ನಾನು ಹೇಳಿದ್ದೆ, ಹಸಿರು ಬೇಡ ಅಂತ" ಅಂದ.

"ಹೌದು ಭಾವ. ಹಸಿರೇ ತಿಂದುಹಾಕಿದ್ದು" ಅಂದೆ.

ಬಕಲ್ಲನ್ನು ಕೆರೆಗೆ ಎಸೆದೆ. ಆಮೇಲೆ ಆ ಸುಳ್ಳನ್ನು ಸಾಕಿದ್ದು ನಾನೇ. ಮನೆಯಲ್ಲಿದ್ದ ಹಸಿರು ತಟ್ಟೆ, ಹಸಿರು ಪರದೆ ಎಲ್ಲವನ್ನೂ ಅವನ ಕಣ್ಣೆದುರಿಗೇ ಹೊರಗೆ ಹಾಕಿದೆ. ಅಂಥದೇ ಹಸಿರು ಕಾರುಗಳನ್ನು ಊರಲ್ಲಿ ಜನ ಕೊಂಡರು, ಕಂಪನಿ ರೇಸು ಬಿಟ್ಟು ಹೋಯಿತು, ಮತ್ತೆ ಬಂತು. ನನ್ನ ಹೆದರಿಕೆ ಮಾತ್ರ ಬೆಳೆಯಿತು. ಭಾವ ಈಗಲೂ ಚರ್ಚಿಗೆ ಅಕ್ಷರ ಬರೆಯುತ್ತಾನೆ. ಬಣ್ಣದ ಮನುಷ್ಯ. ಬಣ್ಣ ಒಣಗಿದರೆ ಏನಾಗುತ್ತದೆ ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಂದಲ್ಲ ಒಂದು ದಿನ ಅವನಿಗೆ ಹೊಳೆದೇ ಹೊಳೆಯುತ್ತದೆ ಅಂತ ಹೆದರಿ, ಅವನ ಡಬ್ಬಿಗಳ ಬಾಯಿಯನ್ನು ನಾನೇ ಒರೆಸಿ, ಮುಚ್ಚಳ ಕಚ್ಚಿಕೊಳ್ಳದ ಹಾಗೆ ಮುಚ್ಚಿಡುತ್ತಿದ್ದೆ.

ಹೋದ ವಾರ ನನಗೆ ಜ್ವರ. ಡಬ್ಬಿಗಳನ್ನು ನೋಡಿಕೊಳ್ಳಲು ಆಗಲಿಲ್ಲ. ಎದ್ದು ಹೋಗಿ ನೋಡಿದರೆ ಭಾವ ಕೆಂಪಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾನೆ. ಮುಚ್ಚಳ ಒಣಗಿ ಕಚ್ಚಿಕೊಂಡಿತ್ತು. ಎರಡೂ ಕೈ ಹೊಟ್ಟೆಯ ಹತ್ತಿರ ಸೇರಿಸಿ, ತಲೆ ಬಗ್ಗಿಸಿ ಅದನ್ನು ಕೀಳುತ್ತಿದ್ದ. ಇದ್ದಕ್ಕಿದ್ದ ಹಾಗೆ ಕೈ ನಿಂತಿತು.

ನಾನು ಓಡಿ ಹೋಗಿ ಡಬ್ಬಿ ಕಿತ್ತುಕೊಂಡೆ. ಅವನು ತನ್ನ ಕೈಗಳನ್ನೇ ನೋಡುತ್ತಿದ್ದ.

"ಲೊರೀನ್, ಅವನನ್ನ ತಿಂದಿದ್ದು ಹಸಿರೇ ತಾನೇ?" ಅಂದ.

"ಹಸಿರೇ ಭಾವ."

"ಇನ್ನೊಂದ್ಸಲ ಹೇಳಮ್ಮ" ಅಂದ.